ಅವ್ವನ ಪಂಚಮಿಗೆ ಮೂರು ಕಚ್ಚಿನ ಗ್ಯಾಸ್ಕೆಟ್

ನಮ್ಮಪ್ಪ ಬಸ್ ಡ್ರೈವರು, ನಮ್ಮವ್ವನಿಗೆ ಬಸ್ಸೆಂದರೆ ವಾಂತಿ. ಅಪ್ಪ ಯಲಬುರ್ಗಾದಿಂದ ಕೊಪ್ಪಳಕ್ಕೆ, ಕುಷ್ಟಗಿಗೆ, ಗಂಗಾವತಿಗೆ ಸರ್ಕಾರಿ ಬಸ್ಸು ಓಡಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡವನು. ಹೆರಿಗೆಗೆ ಹೊರಟವರು, ಕೋರ್ಟಿಗೆ ಹೊರಟವರು, ಹೆಣ್ಣು ನೋಡಲು ಹೊರಟವರು, ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಮುಟ್ಟಿಸಿದವನು. ಅವ್ವನಿಗೆ ಮಾತ್ರ ಬಸ್ಸಿನ ವಾಸನೆ ಮೂಗಿಗೆ ಬಡಿದರೆ ಸಾಕು, ಸೆರಗು ಬಾಯಿಗೆ ಹೋಗುತ್ತಿತ್ತು.

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷ, ನಾಗರ ಪಂಚಮಿಗೆಂದು ಅವ್ವ ತನ್ನ ತವರೂರು ತಾವರಗೇರಾಕ್ಕೆ ಹೊರಟಳು. ಅವತ್ತು ಕುಷ್ಟಗಿಯವರೆಗಿನ ಬಸ್ಸಿಗೆ ಅಪ್ಪನದೇ ಡ್ಯೂಟಿ. ಅಪ್ಪ ಹೆಮ್ಮೆಯಿಂದ ಅವ್ವನನ್ನು ತನ್ನ ಹಿಂದಿನ ಸೀಟಿನಲ್ಲೇ ಕೂರಿಸಿದ್ದ. ನಾನು ಎಂಜಿನ್ನಿನ ಬಾನೆಟ್ಟಿನ ಮೇಲೆ, ಬುಡ ಬಿಸಿಯಾದರೂ ಅಲ್ಲಿಂದ ಏಳದೆ ಕೂತಿದ್ದೆ. ಕುಷ್ಟಗಿ ಇನ್ನೇನು ಬಂತು ಅನ್ನುವಾಗ ಅವ್ವ ತಡೆಯಲಾರದೆ ಅಪ್ಪನ ಖಾಕಿ ಅಂಗಿಯ ಬೆನ್ನ ಮೇಲೆಯೇ ಕಾರಿಕೊಂಡಳು. ಬಸ್ಸು ತುಂಬ ನಗೆ. ಹಿಂದಿನಿಂದ ಯಾವನೋ ಕೂಗಿದ: "ಡ್ರೈವರಪ್ಪಾ, ಮನಿಯಾಕಿನ್ನ ಕುಂದ್ರಿಸ್ಕೊಂಡು ಹೊಡ್ಯಾಕ ಬರೂದಿಲ್ಲ, ನಮ್ಮನ್ನೇನ ಮುಟ್ಟಸ್ತೀಯೋ!"

ಅಪ್ಪ ಹಸಿ ಅಂಗಿಯಲ್ಲೇ ಕುಷ್ಟಗಿಯ ತನಕ ಬಸ್ಸು ಓಡಿಸಿದ. ಅವ್ವ ಬಸ್ಟ್ಯಾಂಡಿನ ನಳದಲ್ಲಿ ಮುಖ ತೊಳೆದುಕೊಂಡು, "ನಿಮ್ಮ ಗಾಡಿ ಸಾವಾಸ ಸಾಕ್ರಿ" ಅಂದುಬಿಟ್ಟಳು. ಅದೇ ಕೊನೆ. ಆಮೇಲೆ ಪ್ರತಿ ಪಂಚಮಿಗೂ ಸೋದರಮಾವ ಬೈಕಿನಲ್ಲಿ ಬಂದು ಅವ್ವನನ್ನು ಕರೆದೊಯ್ಯುತ್ತಿದ್ದ. ಅವ್ವನ ಸೊಂಟ ಹಿಡಿದ ಮೇಲೆ ಅದೂ ನಿಂತಿತು. ಮಾವ ವಾಡಿಕೆಯಂತೆ ಕರೆಯಲು ಬರುತ್ತಿದ್ದ, ಶೇಂಗಾ ಉಂಡಿಯ ಡಬ್ಬಿ ಕೊಟ್ಟು ಒಬ್ಬನೇ ಹೋಗುತ್ತಿದ್ದ. ಅವ್ವ ಆ ಡಬ್ಬಿಯನ್ನು ಮುಚ್ಚಳ ತೆಗೆಯದೆ ಎಷ್ಟೋ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ತಾವರಗೇರಾದಲ್ಲಿ ಅಜ್ಜಿ ಇದ್ದಳು, ಗಟ್ಟಿಯಾಗೇ ಇದ್ದಳು, ಆದರೆ ಕಣ್ಣು ಮಂದವಾಗಿ ಮನೆ ಬಿಟ್ಟು ಕದಲುತ್ತಿರಲಿಲ್ಲ. ಅಪ್ಪ ಆ ದಿನಗಳಲ್ಲಿ ರಜೆ ಬೇಡವೆಂದು ಡ್ಯೂಟಿ ಹಾಕಿಸಿಕೊಂಡು ಹೋಗಿಬಿಡುತ್ತಿದ್ದ.

ನಿವೃತ್ತಿಯಾದ ಮೇಲೆ ಅಪ್ಪ ಮಾಡಿದ ಮೊದಲ ಕೆಲಸ ಒಂದು ಹಳೆಯ ಡೀಸೆಲ್ ಕಾರು ತಂದದ್ದು. ಅದೂ ಟರ್ಬೊ ಇದ್ದದ್ದು! ನಾನು ಆಗ ಯಲಬುರ್ಗಾದಲ್ಲೇ ಸರ್ಕಾರಿ ಕಚೇರಿಯ ಗುಮಾಸ್ತೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು ಅಂತ ಕಚೇರಿಯಲ್ಲಿ ನನಗೆ ಹೆಸರು. ಎಂಜಿನ್ನಿನ ಸದ್ದು ಕೇಳಿದರೆ ಮಾತ್ರ ಆ ಸಿಟ್ಟು ಎಲ್ಲಿ ಹೋಗುತ್ತಿತ್ತೋ. ಟರ್ಬೊ ಎಂದರೆ ಏನು ಸುಮ್ಮನೆಯೇ? ಎಂಜಿನ್ನು ಉಗುಳಿದ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರ ಗಿರಗಿರ ತಿರುಗುತ್ತದೆ, ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿನ ಹೊಟ್ಟೆಗೆ ಒತ್ತಿ ತುಂಬುತ್ತದೆ. ಆಗ ಸಣ್ಣಗೆ ಒಂದು ಸಿಳ್ಳೆ ಕೇಳುತ್ತದೆ, ಮರುಕ್ಷಣ ಯಾರೋ ಬೆನ್ನಿಗೆ ಕೈ ಹಚ್ಚಿ ದೂಡಿದಂತೆ ಗಾಡಿ ಮುನ್ನುಗ್ಗುತ್ತದೆ. ಮೊದಲ ದಿನ ಆ ಸಿಳ್ಳೆ ಕೇಳಿ ನಾನು ಸೀಟಿನಲ್ಲೇ ಚಪ್ಪಾಳೆ ಹೊಡೆದಿದ್ದೆ.

ಅವ್ವನನ್ನು ಮುಂದೆ ಕೂರಿಸಿ, ಕಿಟಕಿ ಪೂರ್ತಿ ಇಳಿಸಿ, ಊರ ಹೊರಗಿನ ಕಪ್ಪು ಎರಿ ಹೊಲಗಳ ತನಕ ಒಂದು ಸುತ್ತು ಹೊಡೆಸಿದೆವು. ಇಬ್ಬರೂ ಮತ್ತೆಮತ್ತೆ ಅವಳ ಮುಖ ನೋಡುತ್ತಿದ್ದೆವು. ಏನೂ ಆಗಲಿಲ್ಲ! ಅಪ್ಪ ಮನೆಗೆ ಬಂದವನೇ ಮಾವನಿಗೆ ಫೋನು ಹಚ್ಚಿದ. "ಈ ಪಂಚಮಿಗಿ ನೀ ಕರಿಯಾಕ ಬರಬ್ಯಾಡ. ನಿಮ್ಮಕ್ಕನ್ನ ನಾನ ಕರಕೊಂಡು ಬರ್ತೀನಿ. ನಿಮ್ಮವ್ವಗೂ ಹೇಳು." ಅಷ್ಟು ಹೇಳಿ ಫೋನಿಟ್ಟು, ಮೀಸೆಯ ಮೇಲೆ ಕೈಯಾಡಿಸಿಕೊಂಡ.

ಮಾತು ಕೊಟ್ಟ ವಾರದಲ್ಲೇ, ಪಂಚಮಿ ಇನ್ನೇನು ಬಂತು ಅನ್ನುವಾಗ, ಕೊಪ್ಪಳದ ರಸ್ತೆಯಲ್ಲಿ ಗಾಡಿ ಕುದಿಯಿತು. ಬಿಸಿಯ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನಿಂದ ಬುಸ್ಸೆಂದು ಹಬೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಕೊಪ್ಪಳದ ಮಿಸ್ತ್ರಿಯ ಶೆಡ್ಡಿಗೆ ಮುಟ್ಟಿಸಿದೆವು. ಈ ಮಿಸ್ತ್ರಿ ಅಪ್ಪನ ಹಳೆಯ ದೋಸ್ತ, ದೊಡ್ಡ ಗಂಟಲಿನ ಮನುಷ್ಯ; ತನ್ನ ಕೈಯಲ್ಲಿ ರಿಪೇರಿಯಾಗದ ಎಂಜಿನ್ನು ಇನ್ನೂ ಹುಟ್ಟಿಲ್ಲವೆಂದು ಎಲ್ಲರಿಗೂ ಹೇಳುವವನು. ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ನು ಚಾಲೂ ಮಾಡಿಸಿದ. ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದವು. "ಮುಗೀತು. ಹೆಡ್ ಗ್ಯಾಸ್ಕೆಟ್ ಹೋಗ್ಯಾದ" ಎಂದ.

ಎಂಜಿನ್ನಿನ ಕೆಳಭಾಗ ಬ್ಲಾಕು, ಮೇಲೆ ಮುಚ್ಚಳದಂತೆ ಕೂರುವುದು ಹೆಡ್ಡು. ಎರಡರ ನಡುವಿನ ತೆಳು ಹಾಳೆಯೇ ಗ್ಯಾಸ್ಕೆಟ್. ಬೆಂಕಿ, ನೀರು, ಆಯಿಲ್ ಮೂರೂ ಅಲ್ಲಿ ಪಕ್ಕಪಕ್ಕದಲ್ಲೇ ಓಡಾಡುತ್ತವೆ. ಒಂದರ ಹಾದಿಗೆ ಇನ್ನೊಂದು ಹೋಗದಂತೆ ತಡೆಯುವುದು ಅದರ ಕೆಲಸ. ಮಿಸ್ತ್ರಿ ಹೆಡ್ಡು ಎತ್ತಿ ಹಳೆಯ ಗ್ಯಾಸ್ಕೆಟ್ಟನ್ನು ಬಿಸಿಲಿಗೆ ಹಿಡಿದ. ನಡುವಿನ ಎರಡು ದೊಡ್ಡ ತೂತುಗಳ ಮಧ್ಯೆ ಸುಟ್ಟು ಕರ್ರಗಾಗಿ ದಾರಿಯೇ ಬಿದ್ದಿತ್ತು.

"ಡ್ರೈವರ್ ಸಾಹೇಬ್ರ, ಇದು ಟರ್ಬೊದ್ದ ಅಲ್ಲರಿ! ಇದೇ ಕಂಪನಿ ಸಾದಾ ಗಾಡೀದು. ತೂತು ಎಲ್ಲಾ ಕೂಡತಾವು, ಆದ್ರ ಸುತ್ತಿನ ಉಂಗುರ ನೋಡ್ರಿ, ಎಷ್ಟ ಬಡಕಲ ಅದಾವು. ಹಿಂದಿನ ಮಾಲಕ ಅಗ್ಗಕ್ಕ ಸಿಕ್ತಂತ ಹಾಕ್ಸ್ಯಾನ. ಟರ್ಬೊ ಗಾಳಿ ತುಂಬಿ ಒದ್ಯಾಕತ್ತಿದ್ರ ಇದು ಎಲ್ಲಿ ತಡೀತೈತಿ?"

ನಾನು ಆ ಸುಟ್ಟ ಗೆರೆಯ ಮೇಲೆ ಬೆರಳಾಡಿಸಿದೆ. ಖುಷಿಯಾಯಿತು, ನಿಜವಾಗಿಯೂ ಖುಷಿಯಾಯಿತು! ಎಂಜಿನ್ನು ಕೆಟ್ಟಿರಲಿಲ್ಲ, ಅದಕ್ಕೆ ತಕ್ಕ ಹಾಳೆ ಯಾರೂ ಆರಿಸಿರಲಿಲ್ಲ, ಅಷ್ಟೇ. ಮಿಸ್ತ್ರಿ ಡಯಲ್ ಗೇಜು ಇಟ್ಟು ಒಂದೊಂದೇ ಪಿಸ್ಟನ್ನನ್ನು ಮೇಲೆ ತಂದು, ಬ್ಲಾಕಿನ ಮಟ್ಟ ದಾಟಿ ಅದು ಎಷ್ಟು ಹೊರಗೆ ಇಣುಕುತ್ತದೆಂದು ನೋಡಿದ. ಅದರ ಮೇಲೆಯೇ ಗ್ಯಾಸ್ಕೆಟ್ಟಿನ ದಪ್ಪ ತೀರ್ಮಾನ. ಅಂಚಿನಲ್ಲಿ ಒಂದು ಕಚ್ಚು ಇದ್ದರೆ ತೆಳು, ಎರಡಿದ್ದರೆ ನಡುಮಟ್ಟ, ಮೂರಿದ್ದರೆ ದಪ್ಪ. "ನಿಮ್ಮ ಪಿಸ್ಟನ್ ಭಾಳ ಮ್ಯಾಲ ಬರತಾವು. ಮೂರು ಕಚ್ಚಿಂದ ತರ್ರಿ. ಹೆಡ್ಡೂ ಸ್ವಲ್ಪ ಸೊಟ್ಟ ಆಗೇತಿ, ಗಂಗಾವತ್ಯಾಗ ಲೇತಿಗಿ ಹಾಕಿ ಫೇಸಿಂಗ್ ಮಾಡಿಸ್ಕೊಂಡು ಬರ್ರಿ" ಎಂದ.

ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸು ಹತ್ತಿ ಗಂಗಾವತಿಗೆ ಹೊರಟೆವು. ಡ್ರೈವರು ಅಪ್ಪನ ಜೊತೆ ಕೆಲಸ ಮಾಡಿದವನೇ. "ಏನ್ ಸಾಹೇಬ್ರ, ಚೀಲದಾಗ ಏನ್ರಿ, ಹಬ್ಬಕ್ಕ ಬೆಲ್ಲೇನು?" ಎಂದು ಕೆಣಕಿದ. "ನನ್ನ ಮಾನ ಐತಪಾ ಅದರಾಗ" ಎಂದ ಅಪ್ಪ. ಡ್ರೈವರು ನಕ್ಕ. ನನಗೆ ನಗು ಬರಲಿಲ್ಲ.

ಕಾಲುವೆ ಬಂತು, ನಾಟಿಗೆ ಕೆಸರು ಮಾಡಿದ ಗದ್ದೆಗಳು ಬಂದವು, ಗಂಗಾವತಿ ಬಂತು. ಅಕ್ಕಿ ಗಿರಣಿಗಳ ಊರಿನಲ್ಲಿ ಲೇತಿಗೇನು ಬರ. ಲೇತಿನವನು ಹೆಡ್ಡಿನ ಮುಖವನ್ನು ಕೂದಲೆಳೆಯಷ್ಟು ಕೆತ್ತಿದ. ಕಪ್ಪು ಕಬ್ಬಿಣದ ಕೆಳಗಿಂದ ಬೆಳ್ಳಿಯಂಥ ಮೈ ಎದ್ದು ಬರುವುದನ್ನು ನೋಡುತ್ತ ನಾನು ಕಣ್ಣು ಮಿಟುಕಿಸುವುದನ್ನೇ ಮರೆತಿದ್ದೆ. "ಉಗುರು ಎಳೀರಿ ಅಕ್ಕಾರ, ಎಲ್ಲೆರ ತಡೀತಂದ್ರ ಮತ್ತೊಮ್ಮಿ ಹೊಡ್ದ ಕೊಡ್ತೀನಿ" ಎಂದ. ಈ ತುದಿಯಿಂದ ಆ ತುದಿಗೆ ಉಗುರೆಳೆದೆ. ಎಲ್ಲೂ ತಡೆಯಲಿಲ್ಲ.

ಜಗಳ ಶುರುವಾದದ್ದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ. ಅಂಗಡಿಯವನು ಗಾಡಿಯ ಹೆಸರು ಕೇಳಿದ್ದೇ ತಡ, ಒಂದು ಗ್ಯಾಸ್ಕೆಟ್ ಎಳೆದು ಕೌಂಟರಿನ ಮೇಲೆ ಒಗೆದ. "ತಗೋರಿ. ಎಲ್ಲಾದಕ್ಕೂ ನಡೀತೈತಿ." ನೋಡಿದರೆ ಅದೇ ಸಾದಾ ಗಾಡಿಯದು, ಅದೇ ಬಡಕಲು ಉಂಗುರ! ನನಗೆ ಪಿತ್ತ ನೆತ್ತಿಗೇರಿತು.

"ಎಲ್ಲಾದಕ್ಕೂ ನಡ್ಯೂದು ನಮಗ ಬ್ಯಾಡ್ರಿ. ನಮ್ಮ ಗಾಡಿಗಿ ನಡ್ಯೂದು ಕೊಡ್ರಿ. ಟರ್ಬೊದ್ದು, ಮೂರು ಕಚ್ಚು. ಐತೋ ಇಲ್ಲೋ ಹೇಳ್ರಿ, ಇಲ್ಲಂದ್ರ ಬ್ಯಾರೆ ಅಂಗಡಿ ನೋಡ್ತೀವಿ."

"ಅಬ್ಬಬ್ಬಾ! ಸಾಹೇಬ್ರ, ಮಗಳ ಬಾಯಿಗೂ ಟರ್ಬೊ ಕುಂದ್ರಿಸೀರೇನ್ರಿ?" ಎನ್ನುತ್ತ ಅವನು ಏಣಿ ಹತ್ತಿದ. ಅಪ್ಪ ಬೇರೆ ಕಡೆ ತಿರುಗಿ ನಕ್ಕದ್ದು ನನಗೆ ಕಾಣಿಸಿತು.

ಅವನು ಎರಡು ಬಗೆ ಇಳಿಸಿದ. ಒಂದು ಮೆತ್ತನೆಯದು, ನಾರು ಒತ್ತಿ ಮಾಡಿದ ಬೂದು ಹಾಳೆ. ಇನ್ನೊಂದು ತೆಳು ಉಕ್ಕಿನ ಪದರಗಳನ್ನು ಒಂದರ ಮೇಲೊಂದು ಕೂಡಿಸಿದ್ದು, ಮೇಲೆ ಕಪ್ಪು ರಬ್ಬರಿನ ಲೇಪ. ಮೆತ್ತನೆಯದು ಹೆಡ್ಡು ಸ್ವಲ್ಪ ಉಬ್ಬುತಗ್ಗಿದ್ದರೂ ಹೊಂದಿಕೊಳ್ಳುತ್ತದೆ, ಆದರೆ ಟರ್ಬೊ ಒತ್ತಡಕ್ಕೆ ಬೇಗ ಸೋಲುತ್ತದೆ. ಉಕ್ಕಿನದು ಒತ್ತಡಕ್ಕೆ ಜಗ್ಗುವುದಿಲ್ಲ, ಆದರೆ ಕೆಳಗೂ ಮೇಲೂ ಕನ್ನಡಿಯಂಥ ಮೈ ಬೇಡುತ್ತದೆ. ನಾನು ಉಕ್ಕಿನದನ್ನು ಎತ್ತಿಕೊಂಡೆ. ಬೆರಳಲ್ಲಿ ಒತ್ತಿದರೆ ಉಂಗುರದ ಸುತ್ತ ಸ್ಪ್ರಿಂಗಿನಂತೆ ಪುಟಿಯುತ್ತಿತ್ತು. ಎಷ್ಟು ಚೆಂದದ ವಸ್ತು! ಉಗುರು ತಡೆಯದ ಹೆಡ್ಡು ಕೈಯಲ್ಲೇ ಇದ್ದಾಗ ಹೆದರಿಕೆ ಯಾಕೆ?

ಈಗ ಅಪ್ಪ ಹಟ ಹಿಡಿದ. "ಒಂದ ಕಚ್ಚಿಂದ ತಗೋ. ತೆಳುವ ಇದ್ದಷ್ಟು ಬಿಗಿ, ಬಿಗಿ ಇದ್ದಷ್ಟು ಜೋರ."

"ಅಪ್ಪಾ, ತೆಳುವ ಹಾಕಿದ್ರ ಪಿಸ್ಟನ್ ಹೋಗಿ ಹೆಡ್ಡಿಗೇ ಬಡೀತೈತಿ. ಅವ್ವನ್ನ ತವರಿಗಿ ಒಯ್ಯಬೇಕೋ, ರೇಸ್ ಹೊಡೀಬೇಕೋ?"

ಅಪ್ಪ ಜೇಬಿನಿಂದ ದುಡ್ಡು ತೆಗೆದ. ಮೂರು ಕಚ್ಚಿನ ಉಕ್ಕಿನದನ್ನೇ ಕಟ್ಟಿಸಿಕೊಂಡೆವು. ಹೆಡ್ಡನ್ನು ಕೊಪ್ಪಳದ ಶೆಡ್ಡಿನಲ್ಲಿಳಿಸಿ, ಗ್ಯಾಸ್ಕೆಟ್ಟನ್ನು ಮಾತ್ರ ನಾನು ಬಿಡದೆ ಎದೆಗೊತ್ತಿಕೊಂಡು ಯಲಬುರ್ಗಾಕ್ಕೆ ತಂದೆ. ಅವ್ವನಿಗೆ ತೋರಿಸದೆ ಇರಲು ಸಾಧ್ಯವೇ?

ಅವ್ವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ನೇರ ದೇವರ ಜಗಲಿಯ ಮೇಲಿಟ್ಟಳು. ನಮ್ಮ ಕಡೆ ಹೊಸ ಸಾಮಾನು ಬಂದರೆ, ಅದು ಕುಡಗೋಲಾಗಲಿ ಪಂಪ್‌ಸೆಟ್ಟಾಗಲಿ, ಪೂಜೆಯಾಗದೆ ಕೆಲಸಕ್ಕೆ ಇಳಿಯುವುದಿಲ್ಲ. ಅವ್ವ ನೀರಲ್ಲಿ ಕಲಸಿದ ವಿಭೂತಿಯನ್ನು ಉದ್ದಕ್ಕೆ ಎಳೆದಳು, ಪ್ರತಿ ದೊಡ್ಡ ತೂತಿನ ಅಂಚಿಗೂ ಕುಂಕುಮದ ಬೊಟ್ಟಿಟ್ಟಳು, ಅಕ್ಷತೆ ಹಾಕಿ ಕೈಮುಗಿದಳು. "ನಮ್ಮವ್ವನ ಮಾರಿ ತೋರ್ಸಪಾ" ಎಂದು ಆ ಉಕ್ಕಿನ ಹಾಳೆಗೇ ಹೇಳಿಕೊಂಡಳು.

ಮರುದಿನ ಮಿಸ್ತ್ರಿ ಪೊಟ್ಟಣ ಬಿಚ್ಚಿ, ಕುಂಕುಮ ನೋಡಿ ತಾನೂ ಕಣ್ಣಿಗೊತ್ತಿಕೊಂಡ. ಅಕ್ಕಿಕಾಳು ಕೊಡವಿದ. ನಾನು ಬಟ್ಟೆ ತೆಗೆದುಕೊಂಡೆ. "ಏ ತಂಗೀ, ಒರಸಬ್ಯಾಡ! ಅವ್ವಾರು ಹಚ್ಚಿದ್ದು ಒರಸಬಾರ್ದು. ಇಷ್ಟ ವರ್ಷದಾಗ ಕುಂಕುಮ ಇಲ್ದ ನಾ ಒಂದ ಗ್ಯಾಸ್ಕೆಟ್ ಕುಂದ್ರಿಸಿಲ್ಲ" ಎಂದು ತಡೆದ. ಅವನ ಮಾತು ಸುಳ್ಳಲ್ಲ. ಆದರೆ ಅಷ್ಟು ವರ್ಷ ಅವನು ಕೂರಿಸಿದ್ದು ಮೆತ್ತನೆಯ ಹಾಳೆಗಳನ್ನು. ಅವು ಕುಂಕುಮವನ್ನೂ ವಿಭೂತಿಯನ್ನೂ ನುಂಗಿಕೊಂಡು ಸುಮ್ಮನಾಗುತ್ತಿದ್ದವು. ಉಕ್ಕಿಗೆ ಆ ಗುಣವಿಲ್ಲವೆಂದು ಅವತ್ತು ಆ ಶೆಡ್ಡಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೆಡ್ಡು ಕೂತಿತು. ನಡುವಿನಿಂದ ಹೊರಕ್ಕೆ, ಸ್ವಲ್ಪಸ್ವಲ್ಪವೇ ಬೋಲ್ಟು ಬಿಗಿಯಾದವು. ಅಪ್ಪ ಚಾವಿ ತಿರುಗಿಸಿದ. ಎಂಜಿನ್ನು ಎದ್ದಿತು! ಅಪ್ಪ ಕಾಲೊತ್ತಿದ, ಆ ಸಿಳ್ಳೆ ಬಂತು! ನಾನು ಕೂಗಿದೆ, ಮಿಸ್ತ್ರಿ ಬೋಲ್ಟು ಬಿಗಿದ ಪಾನಾ ಎತ್ತಿ ಕುಣಿದ, ಪಕ್ಕದ ಚಹಾದಂಗಡಿಯವರೂ ಎದ್ದು ಬಂದರು. ಅವ್ವನಿಗೆ ಫೋನಿನಲ್ಲೇ ಸಿಳ್ಳೆ ಕೇಳಿಸಿದೆ.

ಊರ ಹೊರಗೆ ಒಂದು ಸುತ್ತು ಹೋಗಿ ಬಂದು ಬಾನೆಟ್ ಎತ್ತಿದರೆ, ಹೆಡ್ಡು, ಬ್ಲಾಕುಗಳ ಸಂದಿಯಿಂದ ನೀರು ಜಿನುಗುತ್ತಿತ್ತು. ಆ ನೀರು ಕೆಂಪಗಿತ್ತು. ಮಿಸ್ತ್ರಿ ಬೆರಳಿಗೆ ಹಚ್ಚಿಕೊಂಡು ನೋಡಿದ, ಮೂಸಿದ, ಅಪ್ಪನ ಮುಖ ನೋಡಿದ. ಅವನ ದೊಡ್ಡ ಗಂಟಲು ಅವತ್ತೊಂದು ದಿನ ಸಣ್ಣಗಾಯಿತು. "ಕುಂಕುಮ ಐತ್ರಿ" ಎಂದ.

ಹೆಡ್ಡು ಮತ್ತೆ ಮೇಲೆ ಬಂತು. ಒಣಗಿ ಹೆಪ್ಪುಗಟ್ಟಿದ ವಿಭೂತಿ ರಬ್ಬರಿನ ಲೇಪದಲ್ಲಿ ಗೆರೆಗೆರೆಯಾಗಿ ಒತ್ತಿ ಕೂತಿತ್ತು. ಒಮ್ಮೆ ಬಿಗಿದ ಉಕ್ಕಿನ ಗ್ಯಾಸ್ಕೆಟ್ ಮತ್ತೆ ಬಳಕೆಗೆ ಬರುವುದಿಲ್ಲ. ಪಂಚಮಿಗೆ ನಡುವೆ ಉಳಿದದ್ದು ಒಂದೇ ರಾತ್ರಿ. ಅಪ್ಪ ಶೆಡ್ಡು ಹಾರಿಹೋಗುವಂತೆ ಕೂಗಾಡಿದ: "ಇನ್ನ ಮ್ಯಾಲ ಈ ಗಾಡಿ ಹತ್ರ ಯಾರೆರ ಕುಂಕುಮ ತಂದ್ರ ನೋಡ್ರಿ!" ಅಷ್ಟರಲ್ಲಿ ನನಗೆ ಅವ್ವನ ಫೋನು ಬಂತು. ಹಿಂದಿನಿಂದ ಅಪ್ಪನ ಕೂಗು ಅವಳಿಗೆ ಪೂರ್ತಿ ಕೇಳಿಸಿತು. ಹೇಳಿದಳು: "ನನ್ನ ಕೈ ಹತ್ತಿದ್ದಕ್ಕ ಹಿಂಗಾತು. ತಮ್ಮಗ ಫೋನ್ ಮಾಡಿ ಹೇಳ್ರಿ, ನಾ ಬರಂಗಿಲ್ಲ."

ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಬಾಯಿ ಐತಂತ ಒದರಬ್ಯಾಡ ಅಪ್ಪಾ! ಬಸ್ಸಿನಾಗ ಎಲ್ಲಾರು ನಕ್ಕಾಗ ಆಕಿ ಅತ್ತಿದ್ಲು, ಈಗ ನೀ ಅಳಸಾಕತ್ತಿ. ಮನಿಗಿ ಹೋಗು, ಆಕಿ ಹತ್ರ ಮಾತಾಡು. ನಾ ಗಂಗಾವತಿಗಿ ಹೊಂಟೆ" ಎಂದು ಹೇಳಿ ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅಂಥದ್ದು ಇನ್ನೊಂದು ಇಲ್ಲದಿದ್ದರೆ?

ಅಂಗಡಿಯವನು ನನ್ನನ್ನು ನೋಡಿ ಎದ್ದು ನಿಂತ. "ನಿನ್ನೆರ ಒಯ್ದಿರಲ್ರಿ ಅಕ್ಕಾರ, ಮತ್ತೇನ?" ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಗಹಗಹಿಸಿ ನಕ್ಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಕೌಂಟರಿನ ಪಕ್ಕದ ಹೊಸ ಫ್ಯಾನ್‌ಬೆಲ್ಟುಗಳತ್ತ ಬೆರಳು ತೋರಿಸಿದ. ಅವುಗಳಿಗೂ ಕುಂಕುಮ ಇಟ್ಟಿತ್ತು. "ನಾನೂ ಅದೇ ಜಾತಿಯಾವ ಬಿಡ್ರಿ" ಎಂದು ಏಣಿ ಹತ್ತಿದ. ಧೂಳಿನ ಹಿಂದೆ ಕೈಹಾಕಿ ಹುಡುಕಿದ, ಒಂದು ಡಬ್ಬಿ ಸರಿಸಿದ, ಇನ್ನೊಂದು ಸರಿಸಿದ. ನಾನು ಕೆಳಗೆ ನಿಂತು ದೇವರ ಹೆಸರೆಲ್ಲ ಹೇಳಿ ಮುಗಿಸಿದ್ದೆ. ಕೊನೆಗೆ ಒಂದು ಚಪ್ಪಟೆ ಪೊಟ್ಟಣ ಕೆಳಗೆ ಬಂತು. ಅಂಚನ್ನು ಎಣಿಸಿದೆ. ಮೂರು ಕಚ್ಚು!

ಈ ಸಲ ಪೊಟ್ಟಣವನ್ನು ನೇರ ಶೆಡ್ಡಿಗೇ ಒಯ್ದೆ. ಮಿಸ್ತ್ರಿ ಹೆಡ್ಡು, ಬ್ಲಾಕು ಎರಡನ್ನೂ ಪೆಟ್ರೋಲಿನಲ್ಲಿ ಒರೆಸಿದ, ಕೈ ತೊಳೆದು ಬಂದು ಅಂಚು ಹಿಡಿದು ಗ್ಯಾಸ್ಕೆಟ್ ಕೂರಿಸಿದ. ಅಷ್ಟರಲ್ಲಿ ಅವ್ವನ ಮುನಿಸು ಇಳಿಸಲಾಗದೆ ಅಪ್ಪನೂ ಯಲಬುರ್ಗಾದಿಂದ ವಾಪಸು ಬಂದು, ಹಾಳಾದ ಗ್ಯಾಸ್ಕೆಟ್ಟನ್ನು ಕೇಳಿ ಪಡೆದು ಕಾಗದದಲ್ಲಿ ಸುತ್ತಿಕೊಂಡ. ಗಾಡಿಯನ್ನು ಒಂದು ಸುತ್ತು ಹೊಡೆಸಿ ಬಂದು ನೋಡಿದರೆ ಒಂದು ಹನಿಯೂ ಇಲ್ಲ. ಸಂಜೆ ಕಾರು ಮನೆ ಮುಂದೆ ನಿಂತಾಗ ಅವ್ವ ಹೊರಗೆ ಬರಲಿಲ್ಲ. ಅಪ್ಪ ಒಳಗೆ ಹೋಗಿ ದೇವರ ಜಗಲಿಯ ಪಕ್ಕ ಮೊಳೆ ಹೊಡೆದು, ಕುಂಕುಮದ ಕಲೆಯ ಆ ಗ್ಯಾಸ್ಕೆಟ್ಟನ್ನು ಅಲ್ಲಿ ತೂಗುಹಾಕಿದ. "ನೀ ಹಚ್ಚಿದ್ದು ತಪ್ಪಲ್ಲ. ಒರಸದ ಹಾಕಿದ್ದು ನಮ್ಮ ತಪ್ಪು. ಮುಂಜಾನಿ ಲಗೂನ ತಯಾರಾಗು" ಎಂದ. ಅವ್ವ ಆ ಮೊಳೆಯನ್ನೇ ನೋಡಿದಳು. ಆಮೇಲೆ ಎದ್ದು ಇಳಕಲ್ ಸೀರೆ ತೆಗೆದು ಮಡಿಕೆ ಬಿಚ್ಚಿದಳು.

ಪಂಚಮಿಯ ಬೆಳಿಗ್ಗೆ ಹೊರಟೆವು. ಹೆಸರುಕಾಳಿನ ಹೊಲಗಳ ಮೇಲೆ ತಂಪು ಗಾಳಿ, ಬೇವಿನ ಮರಗಳಿಗೆ ಜೋಕಾಲಿ ಕಟ್ಟುವ ಹುಡುಗಿಯರು. ನಾನು ಹಿಂದಿನ ಸೀಟಿನಿಂದ ಮುಂದೆ ಬಾಗಿ ಒಂದು ಕಣ್ಣು ಬಿಸಿಯ ಮುಳ್ಳಿನ ಮೇಲೆ, ಒಂದು ಕಣ್ಣು ಅವ್ವನ ಮೇಲೆ ಇಟ್ಟಿದ್ದೆ. ಅವ್ವನ ಕೈಯಲ್ಲಿ ನಿಂಬೆಹಣ್ಣು. ಅಪ್ಪ ತಗ್ಗು ಬಂದರೆ ಇಳಿಸಿ, ತಿರುವು ಬಂದರೆ ತೇಲಿಸಿ, ಬ್ರೇಕು ಹಾಕಿದ್ದೇ ಗೊತ್ತಾಗದ ಹಾಗೆ ಓಡಿಸುತ್ತಿದ್ದ. ಅವನ ಬೆನ್ನಿನ ಅಂಗಿ ಬೆವರಿಗೆ ಅಂಟಿತ್ತು. ಕುಷ್ಟಗಿ ಇನ್ನೇನು ಬಂತು ಅನ್ನುವಲ್ಲಿ, ಆ ಹಳೆಯ ಜಾಗದಲ್ಲಿ, ಅಪ್ಪ ಗಾಡಿ ಇನ್ನಷ್ಟು ನಿಧಾನ ಮಾಡಿದ. ಅವ್ವ ನಿಂಬೆಹಣ್ಣನ್ನು ಬಿಗಿಹಿಡಿದಳು. ಜಾಗ ದಾಟಿತು! ಮುಂದೆ ಒಂದು ಸರ್ಕಾರಿ ಬಸ್ಸು ತೆವಳುತ್ತಿತ್ತು. ಅಪ್ಪ ಕಾಲೊತ್ತಿದ, ಟರ್ಬೊ ಸಿಳ್ಳೆ ಹಾಕಿತು, ಬಸ್ಸು ಹಿಂದಾಯಿತು. "ಹೋತ ನೋಡ್ರಿ!" ಎಂದು ಕೂಗಿದವಳು ನಾನಲ್ಲ, ಅವ್ವ. ಮುಳ್ಳು ನಡುವಿನಿಂದ ಅಲುಗಿರಲಿಲ್ಲ.

ತಾವರಗೇರಾದ ಮನೆ ಮುಂದೆ ಮಾವ, ಅತ್ತೆ, ಅವರ ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ನೆರೆದಿದ್ದರು. ಅಜ್ಜಿ ಆರತಿ ತಟ್ಟೆ ಹಿಡಿದು, ಮಂದಗಣ್ಣಿನಿಂದ ಗಾಡಿಯ ಬಾನೆಟ್ಟನ್ನು ತಡವಿ ಹುಡುಕಿ ಬೆರಳಲ್ಲಿ ಕುಂಕುಮ ಎತ್ತಿದಳು. ಅವ್ವ ಗಾಬರಿಯಿಂದ ಅಪ್ಪನ ಮುಖ ನೋಡಿದಳು. "ಹಚ್ರಿ ಅತ್ತಿ, ಎಷ್ಟ ಬೇಕಷ್ಟ ಹಚ್ರಿ" ಎಂದ ಅಪ್ಪ.

ಅಜ್ಜಿ ಕುಂಕುಮ ಹಚ್ಚಿದಳು. ಆಮೇಲೆ ಅದೇ ಕೈಯಿಂದ ಅವ್ವನ ಮುಖ, ಭುಜ, ತೋಳು ಸವರುತ್ತ ಕೇಳಿದಳು: "ಹಾದ್ಯಾಗ ತ್ರಾಸಾತೇನ ನನ್ನವ್ವಾ?"

"ಇಲ್ಲವ್ವ" ಎಂದಳು ಅವ್ವ. "ಭಾಳ ಛಲೋ ಹೊಡದ್ರು."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅಪ್ಪನ ಡ್ರೈವಿಂಗ್ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಅಪ್ಪ ತಕ್ಷಣ ಬಾನೆಟ್ ಎತ್ತಿ, ನೀರು ನೋಡುವವನಂತೆ ಒಳಗೆ ತಲೆ ಹಾಕಿದ. ಎಲ್ಲರೂ ಒಳಗೆ ಹೋದರು, ಉಂಡಿಯ ತಟ್ಟೆ ಹೊರಗೆ ಬಂತು, ಮಾವ ಎರಡು ಸಲ ಕರೆದ. ಅಪ್ಪ ತಲೆ ಎತ್ತಲಿಲ್ಲ.